ಟರ್ಬೋ ಕೂರಿಸುವುದು ಸುಲಭ, ಆಯಿಲ್ ಕೆಳಗಿಳಿಸುವುದು ಕಷ್ಟ

ನನ್ನದು ಹಳೇ ಮಾರುತಿ ಝೆನ್ ಕಾರು. 993 ಸಿಸಿ, ಹೊಸದರಲ್ಲಿ 60 ಬಿಎಚ್‌ಪಿ. ಒಬ್ಬನೇ ಇದ್ದರೆ ಏನೂ ತೊಂದರೆ ಇಲ್ಲ. ಆದರೆ ಕುಮಟಾದಿಂದ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಒಂದು ಮೂಟೆ ತೆಂಗಿನಕಾಯಿ ಹಾಕಿಕೊಂಡು, ಅದರ ಮೇಲೆ ಎಸಿ ಬೇರೆ ಅಂತ ದೇವಿಮನೆ ಘಟ್ಟ ಹತ್ತಿಸಿದರೆ ಎರಡನೇ ಗೇರಿನಲ್ಲೇ ನರಳುತ್ತಾ ಬರುತ್ತದೆ. ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆಯುತ್ತಾನೆ. ಲಾರಿಯವನು! ಹೊಗೆಯ ರಭಸಕ್ಕೆ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುರುಕುವ ಟರ್ಬೋ ಎಂಬ ಹುಳ ತಲೆಗೆ ಹೊಕ್ಕಿದ್ದು ಅಲ್ಲೇ.

ಎಲ್ಲರೂ ಮೊದಲು ಕೇಳುವುದು ಎಷ್ಟು ಬಿಎಚ್‌ಪಿ ಬಂತು ಅಂತ. ಗೊತ್ತಿಲ್ಲ, ಶಕ್ತಿ ಅಳೆಯುವ ಡೈನೋ ಮೇಲೆ ಹತ್ತಿಸಿಲ್ಲ. ನಾನು ಮೊದಲೇ ಗಟ್ಟಿ ಮಾಡಿಕೊಂಡಿದ್ದು ಒಂದೇ, ಬೂಸ್ಟ್, ಅಂದರೆ ಟರ್ಬೋ ಹೆಚ್ಚಿಸುವ ಗಾಳಿಯ ಒತ್ತಡ, 0.4 ಬಾರ್ ದಾಟಬಾರದು. ಒಳಗಿರುವುದು ಕಂಪನಿ ಪಿಸ್ಟನ್. ಟರ್ಬೋ ಇಲ್ಲದ ಎಂಜಿನ್ ಅಂತಲೇ ಎರಕ ಹೊಯ್ದದ್ದು. ಗಾಳಿ ಜಾಸ್ತಿ ತುರುಕಿದರೆ ಶಾಖ ಏರುತ್ತದೆ, ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಪೆಟ್ರೋಲು ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ನಾಲ್ಕು ಸಲ ಜೋರಾಗಿ ಆದರೆ ರಿಂಗ್ ಕೂರುವ ಅಂಚು ಬಿರುಕು ಬಿಡುತ್ತದೆ, ಆಮೇಲೆ ಹೆಡ್ ಇಳಿಸುವುದೇ. ಅಂದ ಹಾಗೆ, ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಪಿಸ್ಟನ್ ಗಾಳಿ ಅದುಮಿದಾಗ ಬರುವ ಒತ್ತಡ) ಹತ್ತಿರ ಹತ್ತಿರ ಬರದಿದ್ದರೆ ಟರ್ಬೋ ಮಾತೇ ಬಿಡಿ. ಆ ದುಡ್ಡಿನಲ್ಲಿ ಎಂಜಿನ್ ಕೆಲಸ ಮಾಡಿಸಿ.

ನಮ್ಮ ಭಾವ ಗುಜರಿಯಿಂದ ಡೀಸೆಲ್ ಕಾರಿನ ಟರ್ಬೋ ತಂದುಕೊಡುತ್ತೇನೆ ಅಂದಿದ್ದ. ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ ಡೀಸೆಲಿನ ಹೊಗೆಗಿಂತ ಪೆಟ್ರೋಲಿನದ್ದು ಬಿಸಿ, 900 ಡಿಗ್ರಿ ದಾಟುತ್ತದೆ. ಸಣ್ಣ ಡೀಸೆಲ್ ಟರ್ಬೋಗಳಲ್ಲಿ ಎಷ್ಟೋ ಕಡೆ ನೀರಿನ ದಾರಿಯೇ ಇರುವುದಿಲ್ಲ, ಆಯಿಲೇ ಎಲ್ಲಾ ತಂಪು ಮಾಡಬೇಕು. ಕೊನೆಗೆ ಜಪಾನಿನ 660 ಸಿಸಿ ಪುಟ್ಟ ಪೆಟ್ರೋಲ್ ಕಾರುಗಳಲ್ಲಿ ಬರುವಂಥ, ನೀರಿನ ಪೈಪಿರುವ ಸೆಕೆಂಡ್ ಹ್ಯಾಂಡ್ ಟರ್ಬೋ ತರಿಸಿದೆ.

ಪೆಟ್ರೋಲಿನ ಲೆಕ್ಕ ಹುಬ್ಬಳ್ಳಿಯಿಂದ ಬಂದ ಹುಡುಗ ನೋಡಿಕೊಂಡ. ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಕಂಪನಿಯ ಮ್ಯಾಪ್ ಸೆನ್ಸರ್‌ಗೆ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಗೊತ್ತು, ಬೂಸ್ಟ್ ಬಂದರೆ ಅದು ಕುರುಡು. ಹಾಗಾಗಿ ಬೇರೆ ಸೆನ್ಸರ್, ಬೇರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್), ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಹೊಸ ಪಂಪ್. ಮಾಮೂಲಿ ಓಟದಲ್ಲಿ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ಬೂಸ್ಟಿನಲ್ಲಿ 12ರ ಆಸುಪಾಸು. ಖರ್ಚಾಗಿದ್ದು ಟರ್ಬೋಗಲ್ಲ, ಇದಕ್ಕೆ.

ಇನ್ನು ಆಯಿಲ್. ಎರಡನೇ ವಾರ ಘಟ್ಟ ಇಳಿದು ಗಾಡಿ ನಿಲ್ಲಿಸಿದಾಗ ಸೈಲೆನ್ಸರ್‌ನಿಂದ ನೀಲಿ ಹೊಗೆ. ಸೀಲ್ ಹೋಯ್ತು, ದುಡ್ಡು ನೀರಿಗೆ ಹಾಕಿದ ಹಾಗಾಯ್ತು ಅಂತ ತಲೆ ಮೇಲೆ ಕೈ ಹೊತ್ತು ಕೂತೆ. ಶಿರಸಿಯಲ್ಲಿ ಲಾರಿ ಕೆಲಸ ಮಾಡುವ ಮೇಸ್ತ್ರಿ ಬ್ಯಾಟರಿ ಹಿಡಿದು ಗಾಡಿ ಕೆಳಗೆ ಮಲಗಿದರು. ಐದು ನಿಮಿಷ ಸದ್ದಿಲ್ಲ. ಆಮೇಲೆ ಅಲ್ಲಿಂದಲೇ, "ಹೆಗಡೇರೆ, ಟರ್ಬೋಕ್ಕೆ ಎಂತದೂ ಆಗಲಿಲ್ಲ. ನಿಮ್ಮ ಬಚ್ಚಲು ಕಟ್ಟಿದೆ ಅಷ್ಟೇ!"

ಸರಿಯಾಗೇ ಹೇಳಿದ್ದರು. ಟರ್ಬೋ ಒಳಗೆ ಆಯಿಲ್ ಹೋಗುವುದು ಪಂಪಿನ ಒತ್ತಡದಲ್ಲಿ, ಹೊರಗೆ ಬರುವುದು ಮಾತ್ರ ತನ್ನ ಭಾರಕ್ಕೆ, ಅದೂ ನೊರೆ ನೊರೆಯಾಗಿ. ನಾವು ಹಾಕಿದ್ದ ವಾಪಸ್ ಪೈಪು ಬೆರಳಷ್ಟು ಸಣ್ಣದು, ಮಧ್ಯೆ ಜೋಳಿಗೆಯಂತೆ ಜೋತು ಮತ್ತೆ ಮೇಲೇರಿತ್ತು, ಸಾಲದ್ದಕ್ಕೆ ಚೇಂಬರಿನಲ್ಲಿ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಮಟ್ಟದ ಕೆಳಗೆ ಸೇರಿತ್ತು. ಕೆಳಗಿಳಿಯಲು ದಾರಿ ಸಿಗದ ಆಯಿಲ್ ಸೀಲಿನ ಸಂದಿಯಲ್ಲಿ ಹೊರಬಿತ್ತು. ಮೇಸ್ತ್ರಿ ಚೇಂಬರ್ ಇಳಿಸಿ, ಮೇಲ್ಭಾಗದಲ್ಲಿ ತೂತು ಕೊರೆದು ವೆಲ್ಡ್ ಮಾಡಿ, ದಪ್ಪ ಪೈಪನ್ನು ನೇರ ಇಳಿಬಿಟ್ಟರು. ಹೊಗೆ ನಿಂತಿತು. ಟರ್ಬೋ ಬಿಚ್ಚಲೇ ಇಲ್ಲ.

ಇನ್ನೊಂದು ಪೆಟ್ಟು ತಿಂದಿದ್ದು ಮೇ ತಿಂಗಳಲ್ಲಿ. ಡಿಸೆಂಬರಿನ ಚಳಿಯಲ್ಲಿ ಶಿರಸಿಯಲ್ಲೇ ಟ್ಯೂನ್ (ಪೆಟ್ರೋಲು, ಕಿಡಿಯ ಲೆಕ್ಕ ಹೊಂದಿಸುವುದು) ಮಾಡಿಸಿದ್ದೆ, ಗಾಡಿ ಬೆಣ್ಣೆಯಂತೆ ಓಡುತ್ತಿತ್ತು. ಕಾರವಾರಕ್ಕೆ ಹೋಗಿ ಬಂದು ಸುಮ್ನೆ ಪ್ಲಗ್ ಬಿಚ್ಚಿ ಭೂತಗನ್ನಡಿ ಹಿಡಿದರೆ, ಮೂರನೆಯದರ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ, ನಡುನಡುವೆ ಮಿಣುಕುವ ಅಲ್ಯೂಮಿನಿಯಂ. ಅಂದರೆ ಪಿಸ್ಟನ್ ಸವೆಯುತ್ತಿದೆ! ನಾಕಿಂಗಿನ ಒಂದು ಸದ್ದೂ ಕಿವಿಗೆ ಕೇಳಿರಲಿಲ್ಲ.

ಆಮೇಲೆ ಹೊಳೆಯಿತು. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ನೂರಕ್ಕೆ ಆರೇಳು ಕಡಿಮೆ. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕಕ್ಕೆ ಬಿಡುವ ಬಾಗಿಲು, ಅಂದರೆ ವೇಸ್ಟ್‌ಗೇಟ್, ಅದರ ಸ್ಪ್ರಿಂಗ್ ಕೊಡುವುದು ಹೊರಗಿನ ಒತ್ತಡದ ಮೇಲೆ 0.4 ಬಾರ್. ಹಾಗಾಗಿ ಮೀಟರಿನಲ್ಲಿ ಅದೇ ಅಂಕಿ ಕಂಡರೂ ಕಾರವಾರದಲ್ಲಿ ಎಂಜಿನ್ ಒಳಗೆ ಒತ್ತಡ ಹೆಚ್ಚು, ಮೇಲಿಂದ ಅಲ್ಲಿನ ಸೆಕೆ. ಟರ್ಬೋದಿಂದ ಬಂದ ಬಿಸಿ ಗಾಳಿ ತಣಿಸುವ ನನ್ನ ಇಂಟರ್‌ಕೂಲರ್ ಬೇರೆ ನಂಬರ್ ಪ್ಲೇಟಿನ ಹಿಂದೆ ಗಾಳಿ ಸಿಗದೆ ಕೂತಿತ್ತು. ಅದನ್ನು ಕೆಳಗಿಳಿಸಿದೆ, ಶಾಖ ಬೇಗ ಬಿಡುವ, ಒಂದು ನಂಬರ್ ಕೋಲ್ಡ್ ಪ್ಲಗ್ ಹಾಕಿ ಗ್ಯಾಪ್ ಕಡಿಮೆ ಮಾಡಿದೆ, ಕಿಡಿ ಹಾರುವ ಟೈಮಿಂಗ್ ಎರಡು ಡಿಗ್ರಿ ಹಿಂದೆ ತಳ್ಳಿಸಿದೆ. ಈ ಸಲದ ಟ್ಯೂನಿಂಗ್ ಅಂಕೋಲಾದಲ್ಲಿ, ಮಧ್ಯಾಹ್ನ, ಎಸಿ ಹಾಕಿಕೊಂಡು. ಘಟ್ಟದ ಮೇಲಿನವರು ಯಾರೇ ಕೇಳಿದರೂ ಇದನ್ನೇ ಹೇಳುತ್ತೇನೆ, ಟ್ಯೂನ್ ಮಾಡಿಸುವುದಿದ್ದರೆ ಘಟ್ಟದ ಕೆಳಗೆ ಮಾಡಿಸಿ.

ಕಾನೂನಿನ ವಿಷಯ ಮುಚ್ಚಿಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಗಾಡಿಯನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ, ಇನ್ಶೂರೆನ್ಸ್ ಕ್ಲೇಮಿಗೂ ಕುತ್ತು ಬರಬಹುದು. ನಾನು ಮಾಡಿದೆ ಅಂತ ನೀವು ಹಾರಬೇಡಿ.

ಈಗ ಅದೇ ತೆಂಗಿನಕಾಯಿ ಮೂಟೆ ಹೊತ್ತು ಮೂರನೇ ಗೇರಿನಲ್ಲಿ ಹತ್ತುತ್ತದೆ. ಮೇಲೆ ಬಂದು ನಿಲ್ಲಿಸಿದ ಕೂಡಲೇ ಬಂದ್ ಮಾಡದೆ ಒಂದೆರಡು ನಿಮಿಷ ಹಾಗೇ ಬಿಡುತ್ತೇನೆ, ಇಲ್ಲದಿದ್ದರೆ ಕಾದ ಟರ್ಬೋದ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಪೆಟ್ರೋಲ್ ಪುಕ್ಕಟೆ ಬರುತ್ತದಾ ಅಂತ ಆಯಿ ಪ್ರತಿ ಸಲವೂ ಬೈಯುತ್ತಾಳೆ. ಮೊನ್ನೆಯಿಂದ ಕ್ಲಚ್ ಜಾರುತ್ತಿದೆ. ಮಳೆ ಹಿಡಿಯುವ ಮೊದಲು ತನ್ನಿ ಅಂದಿದ್ದಾರೆ ಮೇಸ್ತ್ರಿ.