ಟೈಮರ್ ಬಾಯಿ ಮುಚ್ಚಿಸಿ

ವೆಬ್‌ಸೈಟ್ ಪರೀಕ್ಷಿಸುವ ಗೂಗಲ್ ಟೂಲ್ ಲೈಟ್‌ಹೌಸ್‌ನಲ್ಲಿ ನಮ್ಮ ಸೈಟಿಗೆ ಆಕ್ಸೆಸಿಬಿಲಿಟಿ ಸ್ಕೋರ್, ಅಂದರೆ ಅಂಗವಿಕಲರೂ ಸಲೀಸಾಗಿ ಬಳಸಬಹುದೇ ಅನ್ನೋದರ ಅಂಕ, ನೂರಕ್ಕೆ 100 ಬಂದಿತ್ತು. ಮ್ಯಾನೇಜರ್ ಆ ಹಸಿರು ಉಂಗುರದ ಸ್ಕ್ರೀನ್‌ಶಾಟ್ ತೆಗೆದು ಸ್ಲೈಡ್‌ಗೆ ಹಾಕಿಯೂ ಆಗಿತ್ತು. ಮಾರನೇ ದಿನ ರಿಲೀಸ್. ಸುಮ್ನೆ ಒಂದು ಸಲ ನೋಡಿಬಿಡಲಿ ಅಂತ ಕಣ್ಣು ಕಾಣದ ಟೆಸ್ಟರ್ ಒಬ್ಬರನ್ನು ಕಾಲ್‌ಗೆ ಕರೆದಿದ್ದೆವು.

ಅವರದು ಎನ್‌ವಿಡಿಎ, ಪರದೆ ಮೇಲಿರೋದನ್ನು ಓದಿ ಹೇಳುವ ಸಾಫ್ಟ್‌ವೇರ್. ಅದು ಓದುವ ವೇಗಕ್ಕೆ ನನಗೆ ಒಂದು ಪದವೂ ತಿಳಿಯಲಿಲ್ಲ. ಎಚ್ ಒತ್ತಿ ಹೆಡಿಂಗ್, ಎಫ್ ಒತ್ತಿ ಫಾರ್ಮ್ ಫೀಲ್ಡ್. ಚಕಚಕ ಅಂತ ಎಲ್ಲ ತುಂಬಿ ಒಟಿಪಿ ಪೇಜಿಗೆ ಬಂದೇಬಿಟ್ಟರು. ನಾನು ಒಳಗೊಳಗೇ ಬೀಗುತ್ತಿದ್ದೆ.

ಅಲ್ಲಿನ 2 ನಿಮಿಷದ ಟೈಮರ್ ನನ್ನದೇ ಕೈಚಳಕ. ಸಮಯ ಓಡುವುದು ನಮಗೆ ಕಾಣುತ್ತೆ, ಅವರಿಗೂ ಗೊತ್ತಾಗಬೇಕಲ್ವಾ ಅಂತ ಅದಕ್ಕೆ ಏರಿಯಾ-ಲೈವ್ (ಬದಲಾದದ್ದನ್ನು ಓದಿ ಹೇಳು ಅನ್ನುವ ಕೋಡ್) ಹಾಕಿ, ಅಸರ್ಟಿವ್ ಕೊಟ್ಟಿದ್ದೆ. ಏನು ಓದುತ್ತಿದ್ದರೂ ನಿಲ್ಲಿಸಿ ಮೊದಲು ಇದನ್ನೇ ಓದು ಅಂತ.

ಓದಿತು. ಪ್ರತಿ ಸೆಕೆಂಡಿಗೂ ಓದಿತು. ನೂರ ಹದಿನೆಂಟು. ನೂರ ಹದಿನೇಳು. ಅವರು ಫೋನ್ ಎತ್ತಿಕೊಂಡರು. ಆ ಕಡೆ ಫೋನಿನ ಪರದೆ ಓದುವ ಟಾಕ್‌ಬ್ಯಾಕ್ ಒಟಿಪಿಯ ಅಂಕಿ ಹೇಳುತ್ತಿದೆ, ಈ ಕಡೆ ನನ್ನ ಟೈಮರ್ ತನ್ನ ಅಂಕಿ ಕೂಗುತ್ತಿದೆ. ಯಾವುದು ಯಾರದು? ಅವರು 4 ಒತ್ತಿದರೆ, ಎನ್‌ವಿಡಿಎ "ನಾಲ್ಕು" ಅನ್ನುವ ಮೊದಲೇ "ತೊಂಬತ್ತೊಂದು". ಅಳಿಸಿದರು. ಮತ್ತೆ ಒತ್ತಿದರು. ಮತ್ತೆ ಅಳಿಸಿದರು. ಕಾಲ್‌ನಲ್ಲಿದ್ದ ಏಳು ಜನರೂ ಮ್ಯೂಟ್.

ತಡೆಯಲಾರದೆ ಬಾಯಿ ಹಾಕಿದೆ. "ಮೇಡಂ, ಒಟಿಪಿ ಹೇಳಿಬಿಡಿ, ನಾನೇ ಹಾಕ್ತೀನಿ."

"ನನ್ನ ಒಟಿಪಿ ನಿಮಗ್ಯಾಕೆ ಸರ್?" ಅಂದರು, ತಣ್ಣಗೆ.

ಟೈಮರ್ ಸೊನ್ನೆಗೆ ಬಂತು. ಪೇಜ್ ಮೊದಲಿಗೆ ವಾಪಸ್. ತುಂಬಿದ್ದೆಲ್ಲ ಹೋಯಿತು.

ಅವರು ಹಾಕಿದ ಬಗ್‌ನ ಹೆಸರೇ "ಟೈಮರ್ ಬಾಯಿ ಮುಚ್ಚಿಸಿ". ದರ್ಜೆ ಬ್ಲಾಕರ್, ಅಂದರೆ ಸರಿಮಾಡದೆ ರಿಲೀಸ್ ಇಲ್ಲ. ಮ್ಯಾನೇಜರ್ ಅದನ್ನು ಪಿ3, ಅಂದರೆ ಆಮೇಲೆ ನೋಡೋಣ ಅನ್ನುವ ದರ್ಜೆಗೆ ಇಳಿಸಲು ಹೊರಟರು, ಅಪರೂಪಕ್ಕೆ ಆಗುವ ಎಡ್ಜ್ ಕೇಸ್ ಅಂತೆ. ಒಬ್ಬರು ಲಾಗಿನ್ನೇ ಆಗಲಾರದಿದ್ದರೆ ಅದು ಯಾವ ಎಡ್ಜು? ಆವತ್ತು ಮೊದಲ ಸಲ ಜಗಳ ಆಡಿದೆ. ಅರ್ಧ ಸಿಟ್ಟು ನನ್ನ ಮೇಲೇ ಇತ್ತು ಅನ್ನೋದು ಬೇರೆ ಮಾತು. ಸಮಯ ಮುಗಿಯುವ ಮುನ್ನ ಎಚ್ಚರಿಸಿ, ಸಲೀಸಾಗಿ ಮುಂದೂಡಲು ಕನಿಷ್ಠ 20 ಸೆಕೆಂಡ್ ಕೊಡಿ ಅಂತ ವೆಬ್ ಆಕ್ಸೆಸಿಬಿಲಿಟಿಯ ಮಾರ್ಗಸೂಚಿ ಡಬ್ಲ್ಯೂಸಿಎಜಿಯಲ್ಲಿ 2008ರಿಂದಲೂ ಇದೆ. ಓದಿದ್ದೆ. ಎಚ್ಚರಿಸುವುದು ಅಂದರೆ ಸೆಕೆಂಡಿಗೊಮ್ಮೆ ಅರಚುವುದು ಅಂದುಕೊಂಡಿದ್ದೆ, ಅಷ್ಟೇ.

ಈಗ ಟೈಮರ್ ಸುಮ್ಮನಿರುತ್ತೆ. 30 ಸೆಕೆಂಡ್ ಉಳಿದಾಗ ಒಂದೇ ಸಲ, ಪೊಲೈಟ್ ಆಗಿ ಹೇಳುತ್ತೆ. ಪಕ್ಕದಲ್ಲಿ "ಇನ್ನಷ್ಟು ಸಮಯ ಬೇಕು" ಬಟನ್. ಸಮಯ ಮುಗಿದರೂ ತುಂಬಿದ್ದು ಅಳಿಸಿಹೋಗಲ್ಲ. ರಿಲೀಸ್ ಎರಡು ದಿನ ತಡವಾಯಿತು. ಎಲ್ಲ ಸರಿ ಮಾಡಿ ಲೈಟ್‌ಹೌಸ್ ಮತ್ತೆ ಓಡಿಸಿದೆ. ಸ್ಕೋರ್ ಅದೇ 100.