ಕೂಗದ ಸಾರ್ಜೆಂಟ್

ಡಬ್ಬಿಂಗ್ ಕೆಲಸಕ್ಕೆ ಬಂದು ಒಂಬತ್ತು ವರ್ಷ ಆಯಿತು. ಬೈಸಿಕೊಂಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಪೂರ್ತಿ ಒಂದು ದಿನದ ಕೆಲಸವನ್ನು ಅಳಿಸಿ ಹಾಕಿದ್ದು ಒಂದೇ ಸಲ. ತಪ್ಪು ನನ್ನದೇ.

ಹೊರದೇಶದ ಯುದ್ಧದ ಸೀರೀಸ್ ಒಂದು ಕನ್ನಡಕ್ಕೆ ಬರುತ್ತಿತ್ತು. ಅದರಲ್ಲಿ ಒಬ್ಬ ಸಾರ್ಜೆಂಟ್. ಶತ್ರುವಿನ ಕಡೆಯವನಲ್ಲ, ನಾಯಕನ ತುಕಡಿಯವನೇ. ಸೆರೆ ಸಿಕ್ಕವರನ್ನು ಕೊಲ್ಲುತ್ತಾನೆ, ಹಳ್ಳಿ ಮನೆಗಳನ್ನು ದೋಚುತ್ತಾನೆ, ಕಡೆಗೆ ಅದನ್ನು ನೋಡಿದ ತನ್ನವನನ್ನೇ ಮುಗಿಸುತ್ತಾನೆ. ಆ ದನಿ ನನಗೆ ಸಿಕ್ಕಿದಾಗ ಖುಷಿಯೋ ಖುಷಿ. ನಾನು ವಜ್ರಮುನಿಯವರನ್ನು ನೋಡಿ ಬೆಳೆದವನು. ಖಳ ಅಂದರೆ ಗುಡುಗಬೇಕು, ನಗು ಹೊಟ್ಟೆಯಿಂದ ಬರಬೇಕು. ಬೆಳಗ್ಗೆ ಹತ್ತಕ್ಕೆ ಮೈಕ್ ಮುಂದೆ ನಿಂತವನು ಸಂಜೆ ಆರರವರೆಗೂ ಗುಡುಗಿದೆ. ಗಂಟಲು ಕೂತುಹೋಯಿತು.

ಮಾರನೇ ದಿನ ಸೌಂಡ್ ಇಂಜಿನಿಯರ್ ಅದನ್ನೆಲ್ಲ ಹಾಕಿ ಕೇಳಿಸಿದರು. ತೆರೆಯ ಮೇಲೆ ಆ ನಟ ಅರ್ಧ ಬಾಯಿ ಮಾತ್ರ ತೆರೆಯುತ್ತಾನೆ. ನನ್ನ ದನಿ ಜಾತ್ರೆಯ ಮೈಕ್ ಥರ ಇದೆ. ಲಿಪ್ ಸಿಂಕ್ ಸರಿಯಿತ್ತು, ಮನುಷ್ಯ ಸರಿಯಿರಲಿಲ್ಲ.

"ಇವನ ಹಿಂದೆ ಯಾರು ಹೋಗ್ತಾರೆ ಮಾರಾಯ್ರೆ? ಕಾಡಲ್ಲಿ ಹೀಗೆ ಕೂಗಿದ್ರೆ ಹತ್ತು ನಿಮಿಷದಲ್ಲಿ ಎಲ್ಲರೂ ಸತ್ತೇ ಹೋಗ್ತಾರೆ" ಅಂದರು. ಅವರು ಉಡುಪಿ ಕಡೆಯವರು, ರಜೆ ಸಿಕ್ಕರೆ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಲ್ಲೇ ಪಾತ್ರದ ವಾದ ಮಂಡಿಸುವ ಯಕ್ಷಗಾನದಲ್ಲಿ, ಅರ್ಥ ಹೇಳುವವರು. ನಿದ್ದೆಯಲ್ಲಿದ್ದವರನ್ನು ಕೊಂದ ಅಶ್ವತ್ಥಾಮನಿಗೂ ಒಬ್ಬ ಅರ್ಥಧಾರಿ ಬೇಕಲ್ವಾ? ಆ ರಾತ್ರಿ ಅವನ ಕಡೆಯ ನ್ಯಾಯವನ್ನು ಯಾರಾದರೂ ಹೇಳಲೇಬೇಕು. ಎದುರಿನವನು ಉತ್ತರಕ್ಕೆ ತಡಕಾಡುವ ಹಾಗೆ ಹೇಳಬೇಕು. "ನಿಮ್ಮ ಸಾರ್ಜೆಂಟ್ ಹತ್ತಿರ ವಾದವೇ ಇಲ್ಲ, ಬರೀ ಸದ್ದು" ಎಂದರು. ಮನೆಗೆ ಹೋಗಿ 'ಪ್ಲಟೂನ್' ನೋಡಿ, ಆಮೇಲೆ ಬನ್ನಿ ಅಂತ ಕಳಿಸಿದರು.

1986ರ ಸಿನಿಮಾ. ನಿರ್ದೇಶಕ ಆಲಿವರ್ ಸ್ಟೋನ್ ತಾನೇ 1967-68ರಲ್ಲಿ ವಿಯೆಟ್ನಾಮಿನಲ್ಲಿ ಕಾಲಾಳಾಗಿದ್ದವನು, ಎರಡು ಸಲ ಗಾಯಗೊಂಡವನು. ಸಾರ್ಜೆಂಟ್ ಬಾರ್ನ್ಸ್ ಪಾತ್ರವನ್ನು ಅಲ್ಲಿ ಕಂಡ ಮನುಷ್ಯನಿಂದಲೇ ತೆಗೆದವನು. ಮಾಡಿದ್ದು ಟಾಮ್ ಬೆರೆಂಜರ್. ಅಲ್ಲಿಯವರೆಗೆ ಒಳ್ಳೆಯವರ ಪಾತ್ರಕ್ಕೇ ಹೆಚ್ಚು ಹೆಸರಾದ ನಟ. ಖಳನಾಗಿ ಕಂಡಿದ್ದ ವಿಲೆಮ್ ಡಫೋಗೆ ಇಲ್ಲಿ ಒಳ್ಳೆಯ ಸಾರ್ಜೆಂಟ್ ಎಲಿಯಾಸ್ ಪಾತ್ರ. ಈ ಅದಲುಬದಲಿನಲ್ಲೇ ಅರ್ಧ ಕೆಲಸ ಮುಗಿದಿದೆ ಅನ್ನಿಸುತ್ತದೆ ನನಗೆ. (ಇಬ್ಬರೂ ಆಸ್ಕರ್‌ಗೆ ನಾಮನಿರ್ದೇಶನಗೊಂಡರು, ಪ್ರಶಸ್ತಿ ಬೇರೆ ಚಿತ್ರದ ಮೈಕೆಲ್ ಕೇನ್‌ಗೆ ಹೋಯಿತು. ಇರಲಿ.) ಚಿತ್ರೀಕರಣಕ್ಕೆ ಮುಂಚೆ ನಿವೃತ್ತ ಮರೀನ್ ಕ್ಯಾಪ್ಟನ್ ಡೇಲ್ ಡೈ ನಟರನ್ನೆಲ್ಲ ಎರಡು ವಾರ ಫಿಲಿಪೀನ್ಸಿನ ಕಾಡಿಗೆ ಹಾಕಿ, ಗುಂಡಿ ತೋಡಿಸಿ, ನಿದ್ದೆ ಕೆಡಿಸಿದ್ದರು. ತೆರೆಯ ಮೇಲಿನ ಸುಸ್ತು ನಿಜವಾದ ಸುಸ್ತು ಅಂತ ಗೊತ್ತಾಗುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ದೃಶ್ಯ. ರಾತ್ರಿ ಹೊಂಚುದಾಳಿ. ಒಬ್ಬನ ಕೈಗೆ ಘೋರ ಗಾಯ, ಅವನು ಚೀರುತ್ತಾನೆ. ಬಾರ್ನ್ಸ್ ಅವನ ಬಾಯಿ ಅದುಮಿ ಹಿಡಿದು, ನೋವು ನುಂಗು ಅನ್ನುತ್ತಾನೆ. ಕ್ರೂರ ಅಲ್ವಾ? ಆದರೆ ಆ ಚೀರಾಟ ಕೇಳಿ ಶತ್ರು ಬಂದರೆ ಎಲ್ಲರೂ ಹೋಗುತ್ತಾರೆ. ಅಲ್ಲಿ ಅವನ ಮಾತು ಸರಿ. ಎರಡು ಸಲ ನೋಡಿದೆ. ಅವನನ್ನು ನಂಬುವ ಹುಡುಗರಲ್ಲಿ ನಾನೂ ಒಬ್ಬನಾಗುತ್ತಿದ್ದೆ. ಮುಂದೆ ಹಳ್ಳಿಯ ದೃಶ್ಯ. ಸಂಗಾತಿಯ ಹೆಣ ಕಂಡು ಬಂದವರು ಅವರು. ವಾದ ಮಾಡಿದ ಹೆಂಗಸಿಗೆ ಬಾರ್ನ್ಸ್ ಗುಂಡು ಹೊಡೆಯುತ್ತಾನೆ, ಅವಳ ಮಗುವಿನ ತಲೆಗೆ ಕೋವಿ ಹಿಡಿಯುತ್ತಾನೆ. ಕಾಡಿನಲ್ಲಿ ಬಾಯಿ ಅದುಮಿದ ಕೈಯೇ ಅದು. ಅಷ್ಟು ಹೊತ್ತೂ ಮೇಲಧಿಕಾರಿ ಲೆಫ್ಟಿನೆಂಟ್ ಅಲ್ಲೇ ನಿಂತಿರುತ್ತಾನೆ. ತಡೆಯುವವನು ಎಲಿಯಾಸ್.

ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಡೆಸಿದ ಹತ್ಯಾಕಾಂಡದ ಬಗ್ಗೆಯೂ ಆ ವಾರ ಓದಿದೆ. 1968ರ ಮಾರ್ಚ್ 16. ಸತ್ತವರು ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504. ಆ ತುಕಡಿಯವರು ಹಿಂದಿನ ವಾರಗಳಲ್ಲಿ ನೆಲಬಾಂಬಿಗೆ ಗೆಳೆಯರನ್ನು ಕಳೆದುಕೊಂಡಿದ್ದರು. ಶಿಕ್ಷೆ ಆಗಿದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ, 1971ರಲ್ಲಿ, 22 ಜನರ ಕೊಲೆಗೆ. ಜೀವಾವಧಿ ಅಂದಿದ್ದು ಗೃಹಬಂಧನದಲ್ಲಿ ಮೂರೂವರೆ ವರ್ಷಕ್ಕೆ ಮುಗಿಯಿತು. ಆದೇಶ ಪಾಲಿಸಿದೆ ಅಂತ ಅವನ ವಾದ. ಅದೇ ದಿನ ಅದೇ ಹಳ್ಳಿಯಲ್ಲಿ ಹ್ಯೂ ಥಾಂಪ್ಸನ್ ಎಂಬ ಪೈಲಟ್ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಯವರಿಗೂ ನಡುವೆ ಇಳಿಸಿದ್ದ. ಸೈನ್ಯ ಒಂದೇ, ಸಮವಸ್ತ್ರ ಒಂದೇ.

ಮತ್ತೆ ಸ್ಟುಡಿಯೋಗೆ ಹೋದೆ. ಈ ಸಲ ಮೈಕಿಗೆ ಒಂದು ಗೇಣು ಹತ್ತಿರ ನಿಂತೆ. ಹತ್ತಿರ ನಿಂತು ಮೆಲ್ಲಗೆ ಮಾತಾಡಿದರೆ ದನಿಯ ಮಂದ್ರ ತಾನಾಗಿ ದಪ್ಪವಾಗುತ್ತದೆ, ಕೇಳುವವನ ಕಿವಿಯಲ್ಲೇ ಹೇಳಿದ ಹಾಗಿರುತ್ತದೆ. ಪಿಸುಮಾತಲ್ಲ. ಪಿಸುಮಾತಿಗೆ ಗುಟ್ಟಿನ ವಾಸನೆ ಇರುತ್ತದೆ, ಇವನಿಗೆ ಮುಚ್ಚಿಡುವ ಗರಜೇ ಇಲ್ಲ. ಸಂಭಾಷಣೆಯನ್ನೂ ಮುಟ್ಟಬೇಕಾಯಿತು. ಸ್ಕ್ರಿಪ್ಟಿನಲ್ಲಿ "ನಿನ್ನ ರಕ್ತ ಹೀರಿಬಿಡ್ತೀನಿ" ಅಂತಿತ್ತು. ಮೂಲದಲ್ಲಿ ಅಂಥದ್ದೇನೂ ಇರಲಿಲ್ಲ, ನಮ್ಮ ಅಭ್ಯಾಸ ಬರೆಸಿದ ಸಾಲು. ತೆಗೆದು "ನೀನು ಸುಮ್ನಿರು ಮಗಾ, ನಾನು ನೋಡ್ಕೋತೀನಿ" ಅಂತ ಮಾಡಿದೆವು. ಹೇಳುತ್ತಿದ್ದ ಹಾಗೇ ನನಗೇ ಬೆನ್ನು ತಣ್ಣಗಾಯಿತು. ನಮ್ಮ ಮನೆಯಲ್ಲಿ ಜ್ವರ ಬಂದರೆ ಹೇಳುವ ಮಾತು ಅದು.

ಲೆಫ್ಟಿನೆಂಟ್ ಪಾತ್ರಕ್ಕೆ ಹೊಸ ಹುಡುಗನೊಬ್ಬ ಬಂದಿದ್ದ. ಸಾರ್ಜೆಂಟ್ ಸೆರೆಯಾಳುಗಳಿದ್ದ ಮನೆಯೊಳಗೆ ಹೋಗುವಾಗ ಇವನಿಗೆ ಮಾತಿಲ್ಲ. ಒಂದು ಉಸಿರು, ಅಷ್ಟೇ. "ಬರೀ ಉಸಿರಿಗೆ ಇಷ್ಟು ದೂರ ಕರೆಸಿದ್ರಾ" ಅಂತ ನಕ್ಕ. ಹದಿನಾಲ್ಕು ಟೇಕ್ ಆಯಿತು. ಒಮ್ಮೆ ನಿಟ್ಟುಸಿರು, ಒಮ್ಮೆ ದುಃಖ, ಒಮ್ಮೆ ಕೆಮ್ಮು. ಹದಿನೈದನೆಯದರಲ್ಲಿ ಏನೋ ಹೇಳಲು ಹೊರಟವನ ಹಾಗೆ ಉಸಿರು ಒಳಗೆ ಎಳೆದುಕೊಂಡ. ಹೊರಗೆ ಬಿಡಲಿಲ್ಲ.

ಇಂಜಿನಿಯರ್ ಹೆಡ್‌ಫೋನ್ ತೆಗೆದು ಕನ್ಸೋಲ್ ಮೇಲಿಟ್ಟರು. "ಇದು ಇರಲಿ" ಅಂದು ಊಟಕ್ಕೆ ಎದ್ದರು.