ಅವರೂ ಜನೆಲ್ ಅಂತಲೇ ಹೇಳುವುದು

ಭಾನುವಾರ ಪೋರ್ಚುಗಲ್ಲಿನ ಲಿಸ್ಬನ್ನಿನಿಂದ ಊರಿಗೆ ಬಂದೆವು. ನಾಲ್ಕು ದಿನ ಆಯ್ತು. ಕಿಟಕಿಗೆ ನಮ್ಮ ಕಡೆ ಜನೆಲ್ ಅಂತ ಹೇಳುವುದು, ಅಮ್ಮ ಇನ್ನೂ ಆ ಒಂದು ಶಬ್ದ ಬಿಟ್ಟಿಲ್ಲ. ಉಳ್ಳಾಲದ ನಮ್ಮ ಮನೆಗೆ ಯಾರು ಬಂದರೂ, ಚಾ ಕೊಡುವ ಮೊದಲೇ ಹೇಳ್ತಾರೆ, "ಅವರೂ ಜನೆಲ್ ಅಂತಲೇ ಹೇಳುವುದು, ಗೊತ್ತುಂಟಾ?"

ತಂಗಿ ಅಲ್ಲಿ ಕೆಲಸದಲ್ಲಿದ್ದಾಳೆ. ಲಿಸ್ಬನ್ನಿನ ಹತ್ತಿರದ ಸಿಂಟ್ರಾ ಊರಿನ ಪೆನಾ ಅರಮನೆ ನೋಡದೆ ನಮ್ಮನ್ನು ವಾಪಸ್ ಕಳಿಸುವುದಿಲ್ಲ ಅಂತ ಅವಳ ಹಟ. ಅಮ್ಮನಿಗೆ ಮನಸ್ಸಿರಲಿಲ್ಲ. ರೈಲಿನಲ್ಲಿ ಮೆಲ್ಲ ಕೇಳಿದರು, "ಅಬ್ಬಕ್ಕನ ಮೇಲೆ ಯುದ್ಧಕ್ಕೆ ಬಂದವರ ಅರಮನೆ ನೋಡ್ಲಿಕ್ಕೆ ನಾನು ಯಾಕೆ ಬರ್ಬೇಕು?"

ತಂಗಿಯ ಗಂಡ ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ, ಅಮ್ಮನ ಚೀಲ ಆ ದಿನವಿಡೀ ಹೊತ್ತದ್ದು ಅವರೇ. ಆದರೆ ಆ ನಗು ನನಗೆ ಸರಿ ಕಾಣಲಿಲ್ಲ. ಉಳ್ಳಾಲದಲ್ಲಿ ಹುಟ್ಟಿ ಬೆಳೆದವರಿಗೆ ಅಬ್ಬಕ್ಕ ಬರೀ ಪಾಠಪುಸ್ತಕದ ರಾಣಿ ಅಲ್ಲ. ಪೋರ್ಚುಗೀಸರು ಊರಿಗೆ ನುಗ್ಗಿದ್ದು, ರಾಣಿ ಮಸೀದಿಯಲ್ಲಿ ಆಶ್ರಯ ಪಡೆದು ಅದೇ ರಾತ್ರಿ ಜನ ಕೂಡಿಸಿ ತಿರುಗಿ ಬಿದ್ದದ್ದು, ಇದನ್ನೆಲ್ಲ ಅಮ್ಮ ತನ್ನ ಅಜ್ಜಿಯ ಬಾಯಿಂದ ಕೇಳಿದವರು.

ಸ್ಟೇಷನ್ನಿನಿಂದ ಬಸ್ಸು ಬೆಟ್ಟ ಸುತ್ತಿ ಸುತ್ತಿ ಹತ್ತಿತು. ಮೇಲೆ ಪೂರ್ತಿ ಮಂಜು. ಆಗುಂಬೆಯ ಹಾಗೆ, ಮುಂದೆ ಹೋಗುವವರ ಬೆನ್ನು ಮಾತ್ರ ಕಾಣ್ತದೆ. ಗಾಳಿಗೆ ಮಂಜು ಸ್ವಲ್ಪ ಸರಿಯಿತು. ಒಮ್ಮೆಲೇ ತಲೆಯ ಮೇಲೆ ಕೆಂಪು, ಅದರ ಪಕ್ಕ ಅರಸಿನ ಹಳದಿ. ಅಮ್ಮ ನನ್ನ ಕೈ ಹಿಡಿದುಕೊಂಡರು. "ಇದೆಂತದು ಮಾರಾಯ್ತಿ, ತೇರಿನ ಹಾಗೆ ಉಂಟಲ್ಲ!"

ಕೆಂಪು ಭಾಗ ಹಳೆಯ ಕ್ರೈಸ್ತ ಮಠ. ಅದನ್ನು ಕಟ್ಟಿಸಿದ್ದು ದೊರೆ ಮ್ಯಾನುಯೆಲ್. ವಾಸ್ಕೋ ಡ ಗಾಮನನ್ನು ನಮ್ಮ ಕಡೆಗೆ ಕಳಿಸಿದ ಅದೇ ಮ್ಯಾನುಯೆಲ್. ಗಾಮ 1498ರಲ್ಲಿ ಮಲ್ಪೆಯ ಎದುರಿನ ದ್ವೀಪಕ್ಕೆ ಇಳಿದು ಸಂತ ಮೇರಿಯ ಹೆಸರಿಟ್ಟ ಅಂತ ನಮ್ಮಲ್ಲಿ ಹೇಳ್ತಾರಲ್ವಾ, ಆ ಹಡಗುಗಳ ಹಿಂದಿದ್ದ ದೊರೆ. 1755ರ ಭೂಕಂಪಕ್ಕೆ ಮಠ ಹಾಳಾಯಿತು. 1838ರಲ್ಲಿ ರಾಣಿ ಎರಡನೇ ಮರಿಯಾಳ ಗಂಡ ಫರ್ಡಿನೆಂಡ್ ಆ ಪಾಳನ್ನು ಕೊಂಡ. ಅವನು ಜರ್ಮನ್ ಮನೆತನದವನು. ಮಠ ಉಳಿಸಿಕೊಂಡು ಅದಕ್ಕೆ ತಾಗಿಸಿ ಹಳದಿ ಅರಮನೆ ಎಬ್ಬಿಸಿದ. ಆಮೇಲೆ ಬಣ್ಣ ಮಾಸಿ, ತುಂಬ ವರ್ಷ ಇಡೀ ಅರಮನೆ ಬೂದು ಬಣ್ಣವೇ ಅಂತ ಜನ ತಿಳಿದಿದ್ದರಂತೆ. ಮತ್ತೆ ಬಣ್ಣ ಬಳಿದದ್ದು ಇತ್ತೀಚೆಗೆ, ಕಳೆದ ಶತಮಾನದ ಕೊನೆಗೆ.

ಅಂಗಳದಲ್ಲಿ ಒಂದು ದೊಡ್ಡ ಕಮಾನು. ಅದರ ಮೇಲೆ ಕಲ್ಲಿನ ಟ್ರೈಟನ್, ಅರ್ಧ ಮನುಷ್ಯ, ಅರ್ಧ ಮೀನು. ಚಿಪ್ಪಿನ ಮೇಲೆ ಕೂತು, ಹಲ್ಲು ಕಚ್ಚಿ, ಮೇಲಿನ ಕಿಟಕಿಯನ್ನು ಹೆಗಲ ಮೇಲೆ ಹೊತ್ತ ಹಾಗೆ ಇದ್ದಾನೆ. ಹತ್ತಿರದಲ್ಲಿ ಶಾಲೆ ಮಕ್ಕಳ ಗುಂಪು. ಟೀಚರು ಮೇಲೆ ಬೆರಳು ತೋರಿಸಿ ಏನೋ ಹೇಳ್ತಿದ್ದರು. ಅಷ್ಟರಲ್ಲಿ ಒಂದು ಶಬ್ದ ಬಂತು. ಜನೆಲ.

ಅಮ್ಮ ತಿರುಗಿದರು. ಟೀಚರು ಇನ್ನೊಮ್ಮೆ ಹೇಳಿದರು, ಜನೆಲ.

ಅಮ್ಮ ಸೀದಾ ಆ ಟೀಚರ ಹತ್ತಿರ ಹೋದರು. ನಾವು ತಡೆಯುವ ಮೊದಲೇ. ಕಿಟಕಿ ತೋರಿಸಿ "ಜನೆಲ್" ಅಂದರು. ಟೀಚರು ಕಣ್ಣರಳಿಸಿ "ಜನೆಲ" ಅಂದರು. ಅಮ್ಮ ಎದೆ ಮುಟ್ಟಿಕೊಂಡು ಮತ್ತೆ "ಜನೆಲ್" ಅಂದರು. ಮಕ್ಕಳೆಲ್ಲ ಒಟ್ಟಿಗೆ ಕೂಗಿದವು. ಆ ಟೀಚರು ಅಮ್ಮನ ಎರಡೂ ಕೈ ಹಿಡಿದುಕೊಂಡದ್ದು ನನ್ನ ಕಣ್ಣಿಂದ ಹೋಗುವುದೇ ಇಲ್ಲ. ರೈಲಿನಲ್ಲಿ ಹಾಗೆ ಕೇಳಿದ ಅಮ್ಮ, ಇಲ್ಲಿ ಕಳೆದುಹೋದ ನೆಂಟರು ಸಿಕ್ಕಿದ ಹಾಗೆ ನಿಂತಿದ್ದರು.

ಒಳಗಿನ ಕೋಣೆಗಳನ್ನು ಬೇಗ ನೋಡಿದೆವು. ಜನ ಜಾಸ್ತಿ. ಅಡುಗೆಮನೆಯ ತಾಮ್ರದ ಪಾತ್ರೆಗಳ ಎದುರು ಮಾತ್ರ ಅಮ್ಮ ತುಂಬ ಹೊತ್ತು ನಿಂತರು. ಆಮೇಲೆ ತೋಟ. ಅದಕ್ಕೆ ತೋಟ ಅನ್ನುವುದು ಕಡಿಮೆಯೇ, 85 ಹೆಕ್ಟೇರಿನ ಕಾಡು ಅದು. ಎಲ್ಲೆಲ್ಲಿಂದಲೋ ತರಿಸಿ ನೆಟ್ಟದ್ದು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಮರಜರಿಗಿಡಗಳು ಕೊಡೆ ಬಿಚ್ಚಿದ ಹಾಗೆ ನಿಂತಿವೆ. ಕ್ಯಾಮೆಲಿಯಾ ಹೂವು ದಾರಿಗೆಲ್ಲ ಉದುರಿತ್ತು. ಅಮ್ಮ ಒಂದನ್ನು ಹೆಕ್ಕಿ ಸೆರಗಿಗೆ ಕಟ್ಟಿಕೊಂಡರು.

ನಾನು ಅವತ್ತಿನಿಂದ ಯೋಚಿಸ್ತಾ ಇದ್ದೇನೆ. ಚಾವಿ, ಅನಾನಸು, ಪಾದ್ರಿ, ಇವೂ ಅದೇ ಹಡಗಿನ ದಾರಿಯಲ್ಲಿ ಬಂದವು. ಹೊಡೆದಾಟ ನಡೆದದ್ದು ನಿಜ, ಅದನ್ನು ಮರೆಯಬೇಕಾಗಿಲ್ಲ. ಆದರೆ ಯಾರೋ ಒಬ್ಬ ಬಡಗಿ ನಮ್ಮ ಇನ್ನೊಬ್ಬ ಬಡಗಿಗೆ ಗೋಡೆಯ ಕಿಂಡಿ ತೋರಿಸಿ ಆ ಶಬ್ದ ಹೇಳಿರಬೇಕಲ್ವಾ? ಇವನು ಅದನ್ನು ಮನೆಗೆ ಹೋಗಿ ಹೆಂಡತಿಗೆ ಹೇಳಿರಬೇಕು. ಆ ಇಬ್ಬರ ಹೆಸರು ಎಲ್ಲಿಯೂ ಇಲ್ಲ. ದೊರೆಯ ಹೆಸರು ಮಾತ್ರ ಉಂಟು.

ನಿನ್ನೆ ಸಂಜೆ ಮಳೆ ಬರುವ ಹಾಗಿತ್ತು. ಅಮ್ಮ ಜನೆಲ್ ಹಾಕ್ಲಿಕ್ಕೆ ಎದ್ದರು. ಚಿಲಕದ ಮೇಲೆ ಕೈ ಇಟ್ಟುಕೊಂಡೇ ಕೇಳಿದರು, "ಆ ಟೀಚರಿಗೆ ಅಬ್ಬಕ್ಕ ಗೊತ್ತಿರ್ಬಹುದಾ?"

ನಾನು ಏನೂ ಹೇಳಲಿಲ್ಲ. ಅಮ್ಮ ಸ್ವಲ್ಪ ಹೊತ್ತು ಕಡಲಿನ ಕಡೆ ನೋಡ್ತಾ ನಿಂತು, "ಗೊತ್ತಿದ್ರೆ ನನ್ನ ಹತ್ರ ಹೇಳ್ತಿದ್ರು" ಅಂದರು.